ಅಮೃತಶಿಲೆಯ ಒಲೆ

ಸಂಘದ ವಾರ್ಷಿಕೋತ್ಸವ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಶಾಸನವನ್ನೋ ವೀರಗಲ್ಲನ್ನೋ ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಬರೆಯುತ್ತಿರುವುದು ಕಲ್ಲನ್ನು ಕುರಿತೇ ಸರಿ. ಆದರೆ ಈ ಕಲ್ಲು ಗುಡಿಯದಲ್ಲ, ಒಲೆಯದು. ಅದು ನಮ್ಮ ಕಣ್ಣಿಗೆ ಬಿದ್ದ ಸಂದರ್ಭವನ್ನು ಮೊದಲು ಅರಿಕೆ ಮಾಡಿಬಿಡುವುದು ಮೇಲು.

ಎರಡು ವರ್ಷಗಳ ಹಿಂದೆ ತಾಳವಾಡಿ ಸೀಮೆಯ ನಮ್ಮ ಶಾಲೆಯ ಮಕ್ಕಳನ್ನು ಉದಕಮಂಡಲಕ್ಕೆ ಕರೆದೊಯ್ದಿದ್ದೆವು. ಸೇಂಟ್ ಸ್ಟೀಫನ್ ಇಗರ್ಜಿಯ ತೊಲೆಗಳನ್ನು ತೋರಿಸಿ, ಇವು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಸುಲ್ತಾನನ ಅರಮನೆಯ ಮರಗಳು, ೧೮೩೦ರ ಸುಮಾರಿಗೆ ಈ ಗಿರಿಯನ್ನೇರಿ ಬಂದವು ಎಂದು ಹೇಳಿದೆವು. ಹಿಂದಿರುಗುವಾಗ ದಾರಿಯ ಮಗ್ಗುಲಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುತ್ತಿದ್ದರು. ಅಂಗಳದಲ್ಲಿ ಬಿಳಿಯ ಕಲ್ಲಿನ ಚೌಕಟ್ಟೊಂದು ಬಿಡಿಬಿಡಿಯಾಗಿ ಬಿದ್ದಿತ್ತು: ಎರಡು ನಿಲುವುಗಂಬ, ಮೇಲೊಂದು ಅಡ್ಡಪಟ್ಟಿ, ಅದರ ಮೇಲೆ ಕೂರಿಸುವ ಹಲಗೆ. ಅಡ್ಡಪಟ್ಟಿಯ ನಡುವೆ ಹೂದಾನಿ, ಎರಡು ತುದಿಗಳಲ್ಲಿ ಟಗರಿನ ತಲೆ. “ಯಾವ ದೇವರ ಗುಡಿಯ ಬಾಗಿಲುವಾಡ ಸಾರ್ ಇದು?” ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದನು. ಒಲೆಯ ಚೌಕಟ್ಟೆಂದು ತಿಳಿಸಿದಾಗ ಮಕ್ಕಳೆಲ್ಲ ನಕ್ಕರು. ಅಡುಗೆಮನೆಯ ಮೂಲೆಯಲ್ಲಿ ಮಸಿ ಹಿಡಿದು ಕೂರುವ ಒಲೆಗೆ ಇಷ್ಟು ಸಿಂಗಾರವೆ? ಆ ನಗುವಿಗೆ ಅಂದು ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೆ ಪುಸ್ತಕಗಳನ್ನು ತಿರುವಿಹಾಕಿದೆವು. ಈ ಲೇಖನ ಅದರ ಫಲ.

ಕನ್ನಡದಲ್ಲಿ ಅಗ್ಗಿಷ್ಟಿಕೆ ಎಂಬ ಹಳೆಯ ಮಾತೊಂದುಂಟು. ಅದು ಕೆಂಡ ತುಂಬಿ ಬೇಕಾದೆಡೆಗೆ ಒಯ್ಯುವ ಪಾತ್ರೆಯ ಹೆಸರು. ಆಂಗ್ಲರ ಅಗ್ಗಿಷ್ಟಿಕೆಯಾದರೋ ಗೋಡೆಯಲ್ಲಿ ನೆಲಸಿದುದು. ಆದಿಯಲ್ಲಿ ಅವರದೂ ನಮ್ಮಂತೆಯೇ ಇತ್ತು: ದೊಡ್ಡ ಹಜಾರದ ನಡುನೆಲದಲ್ಲಿ ಬೆಂಕಿ, ಮಾಡಿನ ಸಂದಿಯಲ್ಲಿ ಹೊಗೆಗೆ ದಾರಿ. ಗೋಡೆಯೊಳಗೆ ಒಲೆಯನ್ನು ಹುದುಗಿಸಿ ಹೊಗೆಗೂಡನ್ನು ಕಟ್ಟುವ ಪದ್ಧತಿ ಕೋಟೆಗಳಲ್ಲಿಯೂ ಸಿರಿವಂತರ ಮನೆಗಳಲ್ಲಿಯೂ ಮೊದಲಾಗಿ, ಹದಿನಾರನೆಯ ಶತಮಾನದಲ್ಲಿ ಸಾಮಾನ್ಯರವರೆಗೆ ಇಳಿಯಿತು. ೧೫೭೭ರಲ್ಲಿ ಇಂಗ್ಲೆಂಡಿನ ವರ್ಣನೆಯನ್ನು ಪ್ರಕಟಿಸಿದ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿಯು, ತನ್ನ ಹಳ್ಳಿಯ ಮುದುಕರು ಬೆರಗಾಗಿದ್ದ ಸಂಗತಿಗಳಲ್ಲಿ ಹೊಸದಾಗಿ ಎದ್ದ ಹೊಗೆಗೂಡುಗಳ ಸಂಖ್ಯೆಯನ್ನೂ ಸೇರಿಸಿದ್ದಾನೆ. ಹೊಗೆಗೂಡು ಬಂದೆಡೆಗೆ ತೆರಿಗೆಯೂ ಬಂದಿತು. ೧೬೬೨ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಸರಕಾರವು ಒಲೆಯೊಂದಕ್ಕೆ ವರ್ಷಕ್ಕೆ ೨ ಷಿಲಿಂಗಿನಂತೆ ಕಂದಾಯ ಹಾಕಿತು. ಅಧಿಕಾರಿಗಳು ಮನೆಯೊಳಕ್ಕೆ ಬಂದು ಒಲೆಗಳನ್ನು ಎಣಿಸುವುದೆಂದರೆ ಜನರಿಗೆ ಮೈಯುರಿ. ೧೬೮೯ರಲ್ಲಿ ಅದನ್ನು ರದ್ದುಪಡಿಸಬೇಕಾಯಿತು.

ಒಲೆಯು ಶಿಲ್ಪಿಯ ಕೈಗೆ ಪೂರ್ಣವಾಗಿ ಸಿಕ್ಕಿದ್ದು ಹದಿನೆಂಟನೆಯ ಶತಮಾನದಲ್ಲಿ. ಚಳಿನಾಡಿನ ಮನೆಯಲ್ಲಿ ಎಲ್ಲರ ಮುಖವೂ ಬೆಂಕಿಯ ಕಡೆಗೇ ತಿರುಗಿರುತ್ತದೆಯಾಗಿ, ಕೋಣೆಯ ಅಲಂಕಾರವೂ ಅಲ್ಲಿಂದಲೇ ಆರಂಭವಾಯಿತು. ಒಲೆಯ ಚೌಕಟ್ಟಿನ ಕೆಲಸದಲ್ಲಿ ತಮ್ಮ ದೇಶದ ಶಿಲ್ಪಿಗಳು ಉಳಿದೆಲ್ಲ ದೇಶದವರನ್ನೂ ಮೀರಿಸಿದ್ದಾರೆಂದು ವಾಸ್ತುಶಿಲ್ಪಿ ವಿಲಿಯಂ ಚೇಂಬರ್ಸ್ ೧೭೫೯ರ ತನ್ನ ಗ್ರಂಥದಲ್ಲಿ ಹೆಮ್ಮೆಪಟ್ಟಿದ್ದಾನೆ. ಅವನ ಸಮಕಾಲೀನನಾದ ರಾಬರ್ಟ್ ಆ್ಯಡಮ್ (೧೭೨೮–೧೭೯೨) ಇಟಲಿಗೆ ಹೋಗಿ ರೋಮನರ ಹಾಳು ಕಟ್ಟಡಗಳನ್ನು ಕಣ್ಣಾರೆ ಕಂಡು ಬಂದವನು. ಹೂದಾನಿ, ಇಳಿಬಿದ್ದ ಹೂಮಾಲೆ, ಟಗರಿನ ತಲೆ ಇವೆಲ್ಲ ಅವನ ಕಾಲದ ಮೆಚ್ಚಿನ ಅಲಂಕಾರಗಳು. ನಮ್ಮ ಹುಡುಗನಿಗೆ ಅದು ಗುಡಿಯ ಬಾಗಿಲೆನಿಸಿದುದು ಪೂರ್ತಿ ತಪ್ಪಲ್ಲವೆಂದು ಇಲ್ಲಿ ಒಪ್ಪಬೇಕು. ಆ ಟಗರು, ಆ ಮಾಲೆ ಎರಡೂ ರೋಮನರ ಬಲಿಪೀಠಗಳಿಂದ ಇಳಿದು ಬಂದವೇ!

ಕಲ್ಲು ಬಹುಮಟ್ಟಿಗೆ ಇಟಲಿಯದು. ಟಸ್ಕನಿಯ ಕರಾರ ಎಂಬಲ್ಲಿ ಬೆಟ್ಟಕ್ಕೆ ಬೆಟ್ಟವೇ ಅಮೃತಶಿಲೆ. ರೋಮನರ ಕಾಲದಿಂದಲೂ ಅಲ್ಲಿ ಗಣಿಯುಂಟು. ಮನೆಯೆತ್ತರದ ಗಣಿಮುಖದಿಂದ ಸೀಳಿದ ದಿಮ್ಮಿಯನ್ನು ಮರದ ಜಾರುಬಂಡಿಗೆ ಕಟ್ಟಿ, ಸಾಬೂನು ಬಳಿದ ತೊಲೆಗಳನ್ನು ಮುಂದುಮುಂದಕ್ಕೆ ಹಾಸುತ್ತ, ಹಿಂದಿನಿಂದ ಹಗ್ಗ ಬಿಗಿಹಿಡಿದು ಇಳಿಜಾರಿನಲ್ಲಿ ಇಳಿಸುತ್ತಿದ್ದರು. ಹಗ್ಗ ಹರಿದರೆ ಮುಂದಿದ್ದವನ ಗತಿ ಮುಗಿಯಿತು. ಇಪ್ಪತ್ತನೆಯ ಶತಮಾನದವರೆಗೂ ಈ ಕ್ರಮ ನಡೆದಿತ್ತು. ಹೀಗೆ ಬಂದ ಕಲ್ಲಿನಲ್ಲಿಯೂ ಜಾತಿಭೇದವಿತ್ತು: ಕಲೆಯಿಲ್ಲದ ಶುಭ್ರಶಿಲೆ ಅತಿಥಿಗಳು ಕೂರುವ ಹಜಾರಕ್ಕೆ, ಬೂದುಗೆರೆ ಓಡಿದ್ದು ಅದಕ್ಕಿಂತ ಕೆಳಗಿನ ಕೋಣೆಗೆ, ಸಾದಾ ಕಲ್ಲು ಅಥವಾ ಮರ ಮಾಳಿಗೆಯ ಮಲಗುವ ಮನೆಗೆ. ಸಿಯೆನಾದ ಹಳದಿ ಕಲ್ಲನ್ನೋ ಡರ್ಬಿಷೈರಿನ ಕಪ್ಪು ಕಲ್ಲನ್ನೋ ಕೊರೆದು ಕೂರಿಸುವ ಕೆತ್ತನೆಯೂ ಉಂಟು. ಅಮೃತಶಿಲೆ ಸುಣ್ಣದ ಜಾತಿಯದಾದುದರಿಂದ ನಿಂಬೆಯ ಹುಳಿಗೂ ಹೊಳಪು ಕಳೆದುಕೊಳ್ಳುತ್ತದೆ, ಅತಿ ಕಾವಿಗೆ ಕೆಡುತ್ತದೆ. ಬೆಂಕಿಗೂ ಅದಕ್ಕೂ ನಡುವೆ ಕಬ್ಬಿಣದ ಒಳಚೌಕಟ್ಟನ್ನಿಡುತ್ತಿದ್ದುದು ಈ ಕಾರಣದಿಂದ.

ಬೆಲೆ ತೆರಲಾರದವರಿಗೂ ಉಪಾಯಗಳು ಹುಟ್ಟಿದವು. ಎಲಿನರ್ ಕೋಡ್ ಎಂಬ ಹೆಣ್ಣುಮಗಳು ೧೭೬೯ರಿಂದ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮಣ್ಣನ್ನು ಅಚ್ಚೊತ್ತಿ ಸುಟ್ಟು, ಕಲ್ಲೆಂದೇ ತೋರುವ ಅಲಂಕಾರಗಳನ್ನು ಮಾಡಿಸಿ ಮಾರಿದಳು. ಆಕೆಯ ವ್ಯವಹಾರದ ದಿಟ್ಟತನವನ್ನು ಕುರಿತು ಬೇರೆ ಲೇಖನವನ್ನೇ ಬರೆಯಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಹಲಗೆಕಲ್ಲಿಗೆ ಬಣ್ಣ ಹಚ್ಚಿ, ಕಾವಿನಲ್ಲಿ ಗಟ್ಟಿಗೊಳಿಸಿ ಅಮೃತಶಿಲೆಯ ವೇಷ ತೊಡಿಸಿದರು. ಒಲೆಯ ಒಳಗನ್ನು ತಿದ್ದಿದವನು ಕೌಂಟ್ ರಂಫರ್ಡ್. ೧೭೯೬ರಲ್ಲಿ ಅವನು ತೋರಿಸಿದ ಉಪಾಯ ಸರಳವಾದುದು: ಗೂಡಿನ ಆಳವನ್ನು ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಮಾಡಿ, ಹೊಗೆಯ ಕೊರಳನ್ನು ಕಿರಿದುಮಾಡಿದರೆ ಕಾವು ಕೋಣೆಗೂ ಹೊಗೆ ಮೇಲಕ್ಕೂ ಹೋಗುತ್ತದೆ.

ಆ ಹೊಗೆ ಏರುವ ಕೊಳವೆಯ ಚರಿತ್ರೆಯನ್ನು ಬಿಟ್ಟು ಚೌಕಟ್ಟಿನ ಚೆಲುವನ್ನಷ್ಟೇ ಹೇಳಿದರೆ ನಾವು ಮೇಷ್ಟರೆನಿಸಿಕೊಳ್ಳಲು ಅರ್ಹರಲ್ಲ. ಕಲ್ಲಿದ್ದಲ ಮಸಿ ಕಟ್ಟಿಕೊಂಡ ಇಕ್ಕಟ್ಟಾದ ಕೊಳವೆಯೊಳಕ್ಕೆ ಬಡವರ ಮಕ್ಕಳನ್ನು ಹತ್ತಿಸಿ ಗುಡಿಸುತ್ತಿದ್ದರು. ಮೊಣಕಾಲು ಮೊಣಕೈಗಳನ್ನು ಗೋಡೆಗೊತ್ತಿ ಏರಬೇಕು. ಚರ್ಮ ಸುಲಿದು ಗಾಯವಾಗಬೇಕು. ಸಿಕ್ಕಿಕೊಂಡರೆ ಉಸಿರುಕಟ್ಟಿ ಸಾಯಬೇಕು. ಎಂಟು ವರ್ಷಕ್ಕೆ ಕಿರಿಯರನ್ನು ಈ ಕೆಲಸಕ್ಕಿಡಬಾರದೆಂದು ೧೭೮೮ರಲ್ಲಿ ಶಾಸನವಾಯಿತು, ಯಾರೂ ಲೆಕ್ಕಿಸಲಿಲ್ಲ. ೧೮೪೦ರಲ್ಲಿ ಇಪ್ಪತ್ತೊಂದು ವರ್ಷ ತುಂಬದವರು ಹತ್ತಲೇಬಾರದೆಂದಾಯಿತು, ಆಗಲೂ ನಿಲ್ಲಲಿಲ್ಲ. ೧೮೭೫ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಕೇಂಬ್ರಿಡ್ಜಿನ ಬಳಿಯ ಆಸ್ಪತ್ರೆಯೊಂದರ ಹೊಗೆಗೊಳವೆಯಲ್ಲಿ ಸಿಕ್ಕಿ ಪ್ರಾಣಬಿಟ್ಟನು. ಅದೇ ವರ್ಷದ ಶಾಸನದಿಂದ ಈ ಪದ್ಧತಿ ಕೊನೆಗಂಡಿತು. ತರಗತಿಯಲ್ಲಿ ಇದನ್ನು ಹೇಳಿದ ದಿನ, ಉದಕಮಂಡಲದಲ್ಲಿ ನಕ್ಕಿದ್ದ ಮಕ್ಕಳು ನಗಲಿಲ್ಲ.

ಇನ್ನು ನಮ್ಮ ಗಿರಿಯ ಮಾತು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ೧೮೧೯ರಲ್ಲಿ ನೀಲಗಿರಿಯನ್ನೇರಿದನು. ತೋಡರಿಂದ ಎಕರೆಗೆ ಒಂದು ರೂಪಾಯಿನಂತೆ ನೆಲ ಪಡೆದು ೧೮೨೨–೨೩ರಲ್ಲಿ ಉದಕಮಂಡಲದ ಮೊದಲ ಆಂಗ್ಲಮನೆಯನ್ನು ಕಟ್ಟಿಸಿದನು. ಬೆಟ್ಟದ ಜನ ಅದನ್ನು ಕರೆದುದು ‘ಕಲ್ ಬಂಗ್ಲಾ’ ಎಂದು. ಬಡಗರ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂಬುದನ್ನು ಬಲ್ಲ ವಾಚಕರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೫೫ರಲ್ಲಿ ಆ ಮನೆಗೆ ಸರಕಾರಿ ಕಲಾಕಾಲೇಜು ಬಂದಿತು. ಸಲಿವನ್ನನ ತರುವಾಯ ಒಂದರ ಹಿಂದೊಂದು ಬಂಗಲೆ ಎದ್ದಿತು. ಮಾಗಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಆ ಎತ್ತರದಲ್ಲಿ ಬಂಗಲೆಯೆಂದರೆ ಒಲೆ, ಒಲೆಯೆಂದರೆ ಸೌದೆ. ಕಣಿವೆಗಳ ಶೋಲಾ ಕಾಡು ಬೆಂಕಿಗೆ ಆಹುತಿಯಾಗತೊಡಗಿತು. ಸೌದೆಯ ಅಭಾವಕ್ಕೆಂದೇ ಆಸ್ಟ್ರೇಲಿಯದಿಂದ ಬಂದ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಆ ಪರದೇಶದ ಮರಕ್ಕೆ ಕನ್ನಡಿಗರಾದ ನಾವು ನೀಲಗಿರಿ ಎಂದೇ ಹೆಸರಿಟ್ಟಿದ್ದೇವೆ. ನಿಜವಾದ ನೀಲಗಿರಿಯ ಮರಗಳ ಹೆಸರುಗಳು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತವೆ?

ಮೂಲದೇಶದಲ್ಲಿಯೂ ಒಲೆಯ ವೈಭವ ಇಳಿಯಿತು. ೧೯೫೨ರ ಡಿಸೆಂಬರಿನಲ್ಲಿ ಹೊಗೆಮಂಜು ಲಂಡನ್ನನ್ನು ಮುಚ್ಚಿ ಸಾವಿರಾರು ಜನ ಸತ್ತ ಮೇಲೆ, ೧೯೫೬ರ ಶಾಸನವು ನಗರಗಳಲ್ಲಿ ಹೊಗೆಯುಗುಳುವ ಒಲೆಗಳಿಗೆ ಕಡಿವಾಣ ಹಾಕಿತು. ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಮನೆಗಳು ಅನೇಕ ಉರುಳಿದವು, ಅವುಗಳ ಅಮೃತಶಿಲೆ ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾಯಿತು. ಈಗ ಬೆಂಕಿಯೇ ಉರಿಯದ ಕೋಣೆಗಳಲ್ಲಿಯೂ ಶೋಭೆಗಾಗಿ ಅದನ್ನು ನಿಲ್ಲಿಸುತ್ತಾರೆ.

ನಾವು ಕಂಡ ಚೌಕಟ್ಟಿಗೂ ಅದೇ ದಾರಿ. ಪಟ್ಟಣದ ಗಿರಾಕಿಯೊಬ್ಬರು ಕೊಂಡಿದ್ದಾರೆ, ಸಂಜೆಗೆ ಲಾರಿ ಬರುತ್ತದೆ ಎಂದು ಕೆಲಸದವನು ಹೇಳಿದನು. ಮಕ್ಕಳು ಕೈಯಿಂದಲೇ ಮಣ್ಣನ್ನು ಒರಸಿದರು. ತುಂಡುಗಳನ್ನು ಮಗುಚಿದಾಗ ಹಿಂಬದಿಯಲ್ಲಿ ಉಳಿಯಿಂದ ಕೊರೆದ ಗೆರೆಗಳು ಕಂಡವು: ಒಂದು, ಎರಡು, ಮೂರು, ಜೋಡಿಸುವವನು ತಪ್ಪದಿರಲೆಂದು ಕಲ್ಲುಕುಟಿಗನು ಮಾಡಿದ ಗುರುತು. ಗುಡಿಯ ಬಾಗಿಲುವಾಡವೆಂದು ಕೇಳಿದ್ದ ಹುಡುಗನು ತನ್ನ ನೋಟ್‌ಬುಕ್ಕಿನಲ್ಲಿ ಚೌಕಟ್ಟಿನ ಚಿತ್ರವನ್ನು ಬರೆದುಕೊಂಡು, ಗೇಣು ಹಾಕಿ ಅಳೆದು, ಆ ಗೆರೆಗಳನ್ನೂ ಅವುಗಳ ಜಾಗದಲ್ಲಿಯೇ ಎಳೆದನು. ಒಂದು ಟಗರಿಗೆ ಕೊಂಬು ಮುರಿದಿತ್ತು. ಅವನ ಚಿತ್ರದಲ್ಲಿಯೂ ಮುರಿದೇ ಇದೆ. ಆ ಹಾಳೆಯನ್ನು ಚೌಕಟ್ಟು ಹಾಕಿಸಿ ನಮ್ಮ ಶಾಲೆಯ ಚರಿತ್ರೆಯ ಕೋಣೆಯಲ್ಲಿ ತೂಗುಹಾಕಿದ್ದೇವೆ.