ಬೂಟ್‌ಲೋಡರ್‌ನ ಸ್ವಯಂಚಾಲಿತ ಅಳವಡಿಕೆ

ಕಂಪ್ಯೂಟರ್ ಚಾಲೂ ಆದಾಗ ಫರ್ಮ್‌ವೇರ್ ಮೊದಲು ಕರೆಯುವುದು ಬೂಟ್‌ಲೋಡರನ್ನು. ಕರ್ನಲ್ಲನ್ನು ಡಿಸ್ಕಿನಿಂದ ಮೆಮೊರಿಗೆ ತರುವ ಹೊಣೆ ಅದರದು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಗ್ರಬ್. ಡೆಬಿಯನ್, ಉಬುಂಟು ವಿತರಣೆಗಳಲ್ಲಿ ಗ್ರಬ್ ಪ್ಯಾಕೇಜಿನ ಹೊಸ ಆವೃತ್ತಿ ಬಂದರೆ ಅದರೊಳಗಿನ ಸ್ಕ್ರಿಪ್ಟ್ ‘ಗ್ರಬ್-ಇನ್‌ಸ್ಟಾಲ್’ ಆದೇಶವನ್ನು ತಾನೇ ಓಡಿಸಿ ಡಿಸ್ಕಿಗೆ ಬರೆಯುತ್ತದೆ. ಬ್ರೌಸರ್ ಕೆಟ್ಟರೆ ಇನ್ನೊಂದನ್ನು ತೆರೆದು ಪರಿಹಾರ ಹುಡುಕಬಹುದು. ಬೂಟ್‌ಲೋಡರ್ ಕೆಟ್ಟರೆ ಯಂತ್ರವೇ ಏಳುವುದಿಲ್ಲ. ಅದೂ ತಪ್ಪಾದ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಆರಿಸದೆ ಓಡುವ ಸರ್ವರ್‌ನಲ್ಲಿ, ಯಾವುದೋ ಅಪ್‌ಡೇಟಿನ ಎಡವಟ್ಟು ಮುಂದಿನ ರೀಬೂಟ್‌ವರೆಗೂ ಅಡಗಿ ಕೂತಿರುತ್ತದೆ.

ತೊಡಕಿನ ಮೂಲ ಗ್ರಬ್‌ನ ರಚನೆಯಲ್ಲೇ ಇದೆ. ಹಳೆಯ ಬಯಾಸ್ ಯಂತ್ರಗಳಲ್ಲಿ ಅದರ ಮೊದಲ ತುಣುಕು ಡಿಸ್ಕಿನ ಮೊದಲ 512 ಬೈಟ್‌ಗಳ ಸೆಕ್ಟರ್‌ನಲ್ಲಿ ಕೂರುತ್ತದೆ. ‘ಕೋರ್’ ಎಂಬ ತಿರುಳು ಸಾಮಾನ್ಯವಾಗಿ ಅದರ ಬೆನ್ನಿಗಿರುವ, ಯಾವ ಪಾರ್ಟಿಷನ್ನಿಗೂ ಸೇರದ ಖಾಲಿ ಜಾಗದಲ್ಲಿರುತ್ತದೆ. ಉಳಿದ ಮಾಡ್ಯೂಲ್‌ಗಳು ಮಾತ್ರ ಬೂಟ್ ಡೈರೆಕ್ಟರಿಯಲ್ಲಿ ಮಾಮೂಲಿ ಫೈಲುಗಳಾಗಿರುತ್ತವೆ. ತಿರುಳೂ ಮಾಡ್ಯೂಲೂ ಒಂದೇ ಆವೃತ್ತಿಯವಾಗಿರಬೇಕು. ಆದರೆ ಪ್ಯಾಕೇಜ್ ವ್ಯವಸ್ಥೆಯ ಲೆಕ್ಕವೆಲ್ಲ ಫೈಲುಗಳದ್ದು. ಯಂತ್ರ ಯಾವ ಡಿಸ್ಕಿನಿಂದ ಬೂಟ್ ಆಗುತ್ತದೆಂಬುದು ಅದಕ್ಕೆ ತಿಳಿಯದು. ಮೊದಲ ಸಲ ಬಳಕೆದಾರರು ಕೊಟ್ಟ ಉತ್ತರವನ್ನೇ ಬರೆದಿಟ್ಟುಕೊಂಡು ನಂಬಿರುತ್ತದೆ. ಆಮೇಲೆ ಡಿಸ್ಕ್ ಬದಲಾಯಿಸಿದರೆ, ಅಥವಾ ಇಡೀ ವ್ಯವಸ್ಥೆಯನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದರೆ, ಆ ಉತ್ತರ ಹಳಸುತ್ತದೆ.

2020ರ ಜುಲೈನಲ್ಲಿ ಇದೆಲ್ಲ ಒಟ್ಟಿಗೆ ಬಯಲಾಯಿತು. ಗ್ರಬ್‌ನಲ್ಲಿ ‘ಬೂಟ್‌ಹೋಲ್’ ಎಂಬ ಭದ್ರತಾ ದೋಷವಿದೆಯೆಂದು ಎಕ್ಲಿಪ್ಸಿಯಂ ಸಂಸ್ಥೆ 29ರಂದು ಪ್ರಕಟಿಸಿತು. ವಿತರಣೆಗಳು ತುರ್ತಾಗಿ ತಿದ್ದುಪಡಿ ಹೊರತಂದವು. ಡೆಬಿಯನ್, ಉಬುಂಟುವಿನ ಕೆಲವು ಬಯಾಸ್ ಯಂತ್ರಗಳಲ್ಲಿ ಹೊಸ ತಿರುಳು ತಪ್ಪು ಡಿಸ್ಕಿಗೆ ಹೋಯಿತು, ಮಾಡ್ಯೂಲ್‌ಗಳು ಮಾತ್ರ ಹೊಸದಾದವು. ನಿಜವಾಗಿ ಬೂಟ್ ಆಗುವ ಡಿಸ್ಕಿನಲ್ಲಿದ್ದ ಹಳೆಯ ತಿರುಳಿನಲ್ಲಿ ‘ಗ್ರಬ್_ಕ್ಯಾಲಕ್’ ಎಂಬ ಹೊಸ ಫಂಕ್ಷನ್ ಇರಲೇ ಇಲ್ಲ. ಆ ಹೆಸರು ಸಿಗಲಿಲ್ಲವೆಂಬ ಒಂದು ಸಾಲು ಬರೆದು ಯಂತ್ರ ರಕ್ಷಣಾ ಪ್ರಾಂಪ್ಟಿನಲ್ಲಿ ನಿಂತುಬಿಡುತ್ತಿತ್ತು. ಅದೇ ದಿನಗಳಲ್ಲಿ ರೆಡ್ ಹ್ಯಾಟ್‌ನ ಬಳಕೆದಾರರಿಗೆ ಬೇರೆಯೇ ಪೆಟ್ಟು ಬಿತ್ತು: ಅಲ್ಲಿ ಫೈಲು ಸರಿಯಾದ ಜಾಗಕ್ಕೇ ಹೋಗಿತ್ತು, ಆದರೆ ಗ್ರಬ್‌ಗಿಂತ ಮೊದಲು ಓಡುವ ‘ಶಿಮ್’ನ ಹೊಸ ಆವೃತ್ತಿಯೇ ಕೆಟ್ಟಿತ್ತು.

ಹಾಗಾದರೆ ತಾನಾಗಿ ಬರೆಯುವುದನ್ನೇ ನಿಲ್ಲಿಸಿದರೆ? ಆರ್ಚ್ ಲಿನಕ್ಸ್‌ನ ನಿಲುವು ಅದೇ. ಅಲ್ಲಿ ಗ್ರಬ್ ಅಳವಡಿಕೆ ಬಳಕೆದಾರರ ಕೈಕೆಲಸ. 2022ರ ಆಗಸ್ಟ್‌ನಲ್ಲಿ ಅಲ್ಲೂ ಗ್ರಹಚಾರ ಕೆಟ್ಟಿತು. ಹೊಸ ಪ್ಯಾಕೇಜಿನಿಂದ ತಯಾರಾದ ಸಂರಚನಾ ಫೈಲು, ಫರ್ಮ್‌ವೇರ್ ಸೆಟಪ್‌ಗೆ ಹೋಗಲು ಸಾಧ್ಯವೇ ಎಂದು ‘ಎಫ್‌ಡಬ್ಲ್ಯು-ಸೆಟಪ್’ ಆದೇಶದ ಮೂಲಕ ಕೇಳುತ್ತಿತ್ತು. ಡಿಸ್ಕಿನಲ್ಲಿದ್ದ ಹಳೆಯ ಗ್ರಬ್‌ಗೆ ಅದು ಪ್ರಶ್ನೆಯೆಂದು ಅರ್ಥವಾಗದೆ ಸೀದಾ ಫರ್ಮ್‌ವೇರ್ ಸೆಟಪ್‌ಗೇ ನೆಗೆಯುತ್ತಿತ್ತು. ಆರ್ಚ್ ಆಧಾರಿತ ಎಂಡೆವರ್‌ಓಎಸ್ ಬಳಕೆದಾರರನ್ನು ಇದು ವಿಶೇಷವಾಗಿ ಕಾಡಿತು. ಡೆಬಿಯನ್‌ನವರ ಯಾಂತ್ರಿಕತೆಯನ್ನು ಹಳಿಯುವವರು ಈ ಪ್ರಸಂಗವನ್ನೂ ನೆನಪಿಡಬೇಕಾಗುತ್ತದೆ. ಎರಡೂ ಕಡೆ ಯಂತ್ರವನ್ನು ಕೆಡಿಸಿದ್ದು ಅರ್ಧ ಹಳತು, ಅರ್ಧ ಹೊಸತು ಎಂಬ ಬೆರಕೆ.

ಯುಇಎಫ್‌ಐ ಯಂತ್ರಗಳಲ್ಲಿ ಬೂಟ್‌ಲೋಡರ್ ಒಂದು ಪ್ರತ್ಯೇಕ ಫ್ಯಾಟ್ ಪಾರ್ಟಿಷನ್ನಿನಲ್ಲಿ ಫೈಲಾಗಿಯೇ ಇರುವುದರಿಂದ ಪಾಡು ಎಷ್ಟೋ ವಾಸಿ. ಅಲ್ಲಿನ ತಕರಾರು ಸರದಿಯದ್ದು. ಗ್ರಬ್-ಇನ್‌ಸ್ಟಾಲ್ ಪ್ರತಿ ಸಲ ಫರ್ಮ್‌ವೇರ್‌ನ ಪಟ್ಟಿಯಲ್ಲಿ ತನ್ನ ಹೆಸರನ್ನು ಮೇಲಕ್ಕೆ ಬರೆಸಬಲ್ಲದು. ಎರಡು ವಿತರಣೆಗಳಿರುವ ಲ್ಯಾಪ್‌ಟಾಪಿನಲ್ಲಿ ಕೊನೆಗೆ ಬರೆಸಿದ್ದೇ ಮೊದಲು ಏಳುತ್ತದೆ. ಇದನ್ನು ತಡೆಯಲು ಫರ್ಮ್‌ವೇರ್ ಪಟ್ಟಿಯನ್ನು ಮುಟ್ಟಬೇಕೇ ಬೇಡವೇ ಎಂಬ ಆಯ್ಕೆಯನ್ನು ಡೆಬಿಯನ್ ಕೊಡುತ್ತದೆ.

2021ರ ಜೂನ್‌ನಲ್ಲಿ ಬಂದ ಗ್ರಬ್ 2.06, ಹಳೆಯ ಮಾಡ್ಯೂಲ್‌ಗಳನ್ನು ಮೊದಲು ತೆಗೆದಿರಿಸಿ, ಅಳವಡಿಕೆ ನಡುವೆ ಸೋತರೆ ಮರಳಿ ತರುವುದನ್ನು ಕಲಿತಿತು. ಫೆಡೋರಾ ಕೋರ್‌ಓಎಸ್ ಬೂಟ್‌ಲೋಡರ್ ನವೀಕರಣವನ್ನು ಉಳಿದ ವ್ಯವಸ್ಥೆಯಿಂದಲೇ ಬೇರ್ಪಡಿಸಿ ‘ಬೂಟ್‌ಅಪ್‌ಡಿ’ ಎಂಬ ಸಾಧನಕ್ಕೆ ವಹಿಸಿದೆ. ಬಯಾಸ್‌ನ ಡೆಬಿಯನ್, ಉಬುಂಟು ಬಳಸುವವರು ಡಿಸ್ಕ್ ಬದಲಾಯಿಸಿದ ದಿನವೇ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಆದೇಶ ಕೊಟ್ಟು ಸರಿಯಾದ ಡಿಸ್ಕಿಗೆ ಗುರುತು ಹಾಕುವುದು ಒಳ್ಳೆಯದು. ಕೆಟ್ಟ ಮೇಲಾದರೆ ಲೈವ್ ಯುಎಸ್‌ಬಿಯಿಂದ ಏಳಿಸಿ, ‘ಸಿಎಚ್-ರೂಟ್’ ಮೂಲಕ ಹಳೆಯ ವ್ಯವಸ್ಥೆಯೊಳಗೆ ಹೊಕ್ಕು, ಅದೇ ಗ್ರಬ್-ಇನ್‌ಸ್ಟಾಲನ್ನು ಸರಿಯಾದ ಡಿಸ್ಕಿನ ಹೆಸರಿನೊಂದಿಗೆ ಓಡಿಸಬೇಕಾಗುತ್ತದೆ.