ಇಸ್ಪೀಟೆಲೆಗಳಲ್ಲಿ ಸಂಭವನೀಯತೆಯೂ ಪಣದ ಪ್ರಮಾಣವೂ

ಚೆನ್ನಾಗಿ ಕಲಸಿದ 52 ಎಲೆಗಳ ಕಟ್ಟಿನಿಂದ ನೋಡದೆ ಒಂದೆಲೆಯನ್ನೆಳೆದಾಗ ಅಪೇಕ್ಷಿತವಾದ ಎಲೆಯೇ ದೊರೆಯುವುದೆಂಬ ನಿರೀಕ್ಷೆಯನ್ನು ಅಳೆಯುವ ಎರಡು ಕ್ರಮಗಳಿವು. ಅನುಕೂಲ ಫಲಗಳ ಸಂಖ್ಯೆಯನ್ನು ಸಮಸ್ತ ಫಲಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸಂಭವನೀಯತೆ. ಅದೇ ಅನುಕೂಲ ಫಲಗಳನ್ನು ಕೇವಲ ಪ್ರತಿಕೂಲ ಫಲಗಳೊಡನೆ ಹೋಲಿಸಿದರೆ ಬರುವುದು ಪಣದ ಪ್ರಮಾಣ. ಕಟ್ಟಿನಲ್ಲಿ ನಾಲ್ಕು ಎಕ್ಕಗಳಿರುವುದರಿಂದ ಎಕ್ಕ ಬರುವ ಸಂಭವನೀಯತೆ 4/52, ಎಂದರೆ 1/13. ಉಳಿದ 48 ಎಲೆಗಳೂ ಪ್ರತಿಕೂಲವಾದ ಕಾರಣ ಪ್ರಮಾಣವು 1ಕ್ಕೆ 12. ಆದುದರಿಂದ ಒಂದು ರೂಪಾಯಿಯ ಪಣಕ್ಕೆ, ಹೂಡಿದ್ದನ್ನು ಹಿಂದಿರುಗಿಸುವುದಲ್ಲದೆ, ಹನ್ನೆರಡು ರೂಪಾಯಿ ಲಾಭವನ್ನೀಯುವ ಪಂದ್ಯವೇ ನ್ಯಾಯವಾದುದು. ಕೆಂಪೆಲೆಯ ವಿಷಯದಲ್ಲಾದರೋ ಸಂಭವನೀಯತೆ 1/2, ಪ್ರಮಾಣ ಸಮಸಮ.

ಇಟಲಿಯ ಕಾರ್ಡಾನೊ ಬರೆದು, ಅವನು ಗತಿಸಿದ ಬಹುಕಾಲದ ಮೇಲೆ 1663ರಲ್ಲಿ ಅಚ್ಚಾದ ಜೂಜಿನ ಗ್ರಂಥದಲ್ಲಿಯೇ ಈ ಬಗೆಯ ಹೋಲಿಕೆ ಕಾಣಬರುತ್ತದೆ.

ಎಳೆದ ಎಲೆಯನ್ನು ಮರಳಿ ಸೇರಿಸದೆ ಎರಡನೆಯದನ್ನೆಳೆಯುವಾಗ ಲೆಕ್ಕವು ಸೂಕ್ಷ್ಮವಾಗುತ್ತದೆ. ಮೊದಲನೆಯದು ಎಕ್ಕವಾಗಿದ್ದರೆ ಉಳಿದ 51ರಲ್ಲಿ ಎಕ್ಕಗಳು ಮೂರು. ಎರಡೂ ಎಕ್ಕಗಳಾಗುವ ಸಂಭವನೀಯತೆ 4/52 ಮತ್ತು 3/51ರ ಗುಣಲಬ್ಧವಾದ 1/221, ತತ್ಸಂಬಂಧವಾದ ಪ್ರಮಾಣ 1ಕ್ಕೆ 220. ಮೊದಲೆಲೆಯನ್ನು ಹಿಂದಿರುಗಿಸಿ ಮತ್ತೆ ಕಲಸಿದರೆ ಇದೇ 1/169, ಪ್ರಮಾಣ 1ಕ್ಕೆ 168. ಎಲೆಯನ್ನು ಹಿಂದಿರುಗಿಸದ ಮೊದಲ ಸಂದರ್ಭದಲ್ಲಿ ಅವಸರದ ಆಟಗಾರನು, ಮೊದಲ ಎಳೆತದ 1ಕ್ಕೆ 12ನ್ನೂ ಎರಡನೆಯದರ 1ಕ್ಕೆ 16ನ್ನೂ ನೇರವಾಗಿ ಗುಣಿಸಿ 1ಕ್ಕೆ 192 ಎಂದು ಸಾರಿ, ತನ್ನ ಅದೃಷ್ಟವನ್ನು ವಾಸ್ತವಕ್ಕಿಂತ ಹಿರಿದಾಗಿ ಎಣಿಸುವನು. ಗುಣಾಕಾರವು ಸಂಭವನೀಯತೆಗಳಿಗೆ ಸಲ್ಲುವುದೇ ಹೊರತು ಇಂತಹ ಪ್ರಮಾಣಗಳಿಗೆ ಸಲ್ಲದು; ಮೊದಲು ಭಿನ್ನರಾಶಿಗಳನ್ನು ಗುಣಿಸಿ, ತರುವಾಯ ಛೇದದಿಂದ ಅಂಶವನ್ನು ಕಳೆದು ಪ್ರತಿಕೂಲ ಪಕ್ಷವನ್ನು ಪಡೆಯತಕ್ಕದ್ದು.