ಮರುಕೂಡಿದ ಮೇಳಗಳು: ವಿಜಯಪುರ ಸೀಮೆ

ಒಂದು ಕಾಲಕ್ಕೆ ಜನಮನ್ನಣೆ ಪಡೆದು, ಕಲಹದಿಂದಲೋ ಸಾಲದಿಂದಲೋ ಮುಖ್ಯ ಕಲಾವಿದನ ನಿರ್ಗಮನದಿಂದಲೋ ಚದುರಿಹೋಗಿ, ತರುವಾಯ ಹಳೆಯ ಹೆಸರಿನಲ್ಲಿಯೇ ಮತ್ತೆ ಕೂಡಿಕೊಂಡ ಗಾಯನಮೇಳಗಳೂ ನಾಟಕ ಮಂಡಳಿಗಳೂ ಎಲ್ಲ ದೇಶಗಳಲ್ಲಿಯೂ ಇವೆಯಾದರೂ, ಭೀಮಾ ಕೃಷ್ಣೆಯರ ನಡುವಣ ಎರೆನೆಲದ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳಲ್ಲಿ ಈ ಒಡೆಯುವಿಕೆ ಮತ್ತು ಕೂಡುವಿಕೆಗಳು ಅಪರೂಪದ ಸಂಗತಿಗಳೆನಿಸದೆ ವೃತ್ತಿಯ ನಡೆವಳಿಕೆಯೇ ಆಗಿಬಿಟ್ಟಿವೆ. ಇಲ್ಲಿಯ ಹಾಡುಗಾರನು ಬಹುಮಟ್ಟಿಗೆ ಒಕ್ಕಲಿಗ ಅಥವಾ ಕೂಲಿಕಾರ. ಮಳೆ ಹೋದ ವರ್ಷ ಗುಳೆ ಹೋಗಬೇಕಾದವನು, ಬೆಳೆ ಬಂದ ವರ್ಷ ಜಾತ್ರೆಗೆ ಹಾಡಬೇಕಾದವನು. ಅಂಥ ನಾಡಿನಲ್ಲಿ ಮೇಳವೊಂದು ಮುರಿಯದೆ ಉಳಿಯುವುದಕ್ಕಿಂತ, ಮುರಿದ ಮೇಲೆ ಯಾವ ಬಲದಿಂದ ಮತ್ತೆ ಎದ್ದು ನಿಂತಿತೆಂಬುದೇ ಚರಿತ್ರಕಾರನ ಜಿಜ್ಞಾಸೆಗೆ ಅರ್ಹವಾದ ವಿಷಯವಾಗಿದೆ.

ಈ ಸೀಮೆಯ ಮೇಳಗಳಲ್ಲಿ ಪ್ರಾಚೀನತೆಯಿಂದಲೂ ವ್ಯಾಪ್ತಿಯಿಂದಲೂ ಮೊದಲು ಹೇಳತಕ್ಕವು ಹಾಡಕಿಯ ಮೇಳಗಳು. ಡೊಳ್ಳಿನ ಹಾಡಕಿಯು ಹಾಲುಮತದ ಪರಂಪರೆಗೆ ಸೇರಿ, ರೇವಣಸಿದ್ಧ, ಅಮೋಘಸಿದ್ಧ, ಹುಲಜಂತಿಯ ಮಾಳಿಂಗರಾಯರ ಚರಿತ್ರೆಗಳನ್ನು ಆಧಾರವಾಗಿ ಇಟ್ಟುಕೊಂಡದ್ದು. ಗೀಗೀ ಮೇಳವು ಲಾವಣಿಯ ಸಂತಾನ. ಮಹಾರಾಷ್ಟ್ರದಲ್ಲಿ ತುರಾ ಮತ್ತು ಕಲ್ಗಿ ಎಂಬ ಎರಡು ಪಕ್ಷಗಳಾಗಿ ಬೆಳೆದ ಶಿವಪಾರಮ್ಯ ಶಕ್ತಿಪಾರಮ್ಯಗಳ ವಾದವು ಕನ್ನಡ ನೆಲದಲ್ಲಿ ಹರದೇಶಿ, ನಾಗೇಶಿ ಎಂಬ ಹೆಸರುಗಳನ್ನು ತಳೆದು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಲೌಕಿಕ ತರ್ಕಕ್ಕೆ ಇಳಿದು, ಊರಿನ ಆಬಾಲವೃದ್ಧರನ್ನು ಬೆಳಗಿನವರೆಗೆ ಕಟ್ಟೆಯ ಮೇಲೆ ಕೂರಿಸಬಲ್ಲ ವಿನೋದವಾಯಿತು. ಮುಂದೆ ನಿಂತ ಹಾಡುಗಾರನ ಕೈಯಲ್ಲಿ ದಪ್ಪು, ಹಿಮ್ಮೇಳದವರ ಕೈಯಲ್ಲಿ ತುಂತುಣಿ ಮತ್ತು ತಾಳ. ಮೂರು ನಾಲ್ಕು ಜನರ ಕಂಠವೇ ಅವರ ಬಂಡವಾಳ. ಇಷ್ಟು ಚಿಕ್ಕದಾದ ಸಂಸಾರವು ಒಡೆಯುವುದು ಎಷ್ಟು ಸುಲಭವೋ ಕೂಡುವುದೂ ಅಷ್ಟೇ ಸುಲಭವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲಾವಣಿಯ ಈ ಪರಂಪರೆಗೆ ಇಂಡಿ ಭಾಗದ ಹಲಸಂಗಿಯು (ಈಗ ಚಡಚಣ ತಾಲ್ಲೂಕಿನಲ್ಲಿದೆ) ಎರಡು ಬಗೆಯಿಂದ ನೆರವಾಗಿದೆ. ಖಾಜಾಭಾಯಿಯೆಂಬ ಲಾವಣಿಕಾರನು ಆ ಊರಿನವನು. ಊರೂರಿನ ಮೇಳಗಳು ಅವನ ಕೃತಿಗಳನ್ನು ಕಂಠದಿಂದ ಕಂಠಕ್ಕೆ ದಾಟಿಸಿದವು. ತರುವಾಯ ಅದೇ ಊರಿನಲ್ಲಿ ಮಧುರಚೆನ್ನ (1903-1953), ಸಿಂಪಿ ಲಿಂಗಣ್ಣ (1905-1993), ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ‘ಹಲಸಂಗಿ ಗೆಳೆಯರು’ ಎಂದು ಪ್ರಸಿದ್ಧರಾಗಿ, 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’ ಸಂಕಲನಗಳನ್ನು ಹೊರತಂದರು. ಎರಡನೆಯದು ಲಾವಣಿಗಳ ಸಂಗ್ರಹ. ಹಾಡುಗಾರನು ಸತ್ತರೆ ಹಾಡೂ ಸತ್ತಿತೆಂಬ ಭಯವು ಇದರಿಂದ ಕಿಂಚಿತ್ತು ದೂರವಾಯಿತಾದರೂ, ಮೇಳಗಳು ಉಳಿದದ್ದು ಪುಸ್ತಕದ ದೆಸೆಯಿಂದಲೆಂದು ಹೇಳಲಾಗದು. ಅಚ್ಚಾದ ಲಾವಣಿಯು ವಿದ್ವಾಂಸರ ಕಪಾಟನ್ನು ಸೇರಿತು, ಮೇಳದವನು ತನ್ನ ಕೈಬರಹದ ವಹಿಯನ್ನೇ ನೆಚ್ಚಿಕೊಂಡು ನಡೆದನು.

ಮೇಳವನ್ನು ಜೀವಂತವಾಗಿ ಇರಿಸಿದ್ದು ಹಾಡಕಿಯ ಸ್ವರೂಪವೇ. ಜಾತ್ರೆಯ ಪಂಚರು ಒಂದು ಮೇಳವನ್ನು ಕರೆಯಿಸುವುದಿಲ್ಲ, ಎರಡನ್ನು ಕರೆಯಿಸುತ್ತಾರೆ. ಪಲ್ಲಕ್ಕಿ ಗುಡಿ ಸೇರಿ ಊಟವೆಲ್ಲ ಮುಗಿದ ಮೇಲೆ, ಚಳಿಗೆ ಸಡಿಲಗೊಂಡ ದಪ್ಪಿನ ಚರ್ಮವನ್ನು ಕಣಕಿಯ ಬೆಂಕಿಗೆ ಹಿಡಿದು, ಬೆರಳಿನಿಂದ ಬಡಿದು ನಾದವನ್ನು ಪರೀಕ್ಷಿಸಿ, ಮೊದಲು ದೇವತಾಸ್ತುತಿ, ಅನಂತರ ಸಖಿ, ಮುಂದೆ ಚೌಕ, ಚಾಲ, ಏರು, ಇಳುವುಗಳೆಂದು ಹಾಡು ಮೇಲೇರುತ್ತ ಹೋಗಿ, ಒಂದು ಮೇಳವು ಸವಾಲನ್ನು ಎಸೆದು ಕೂತರೆ, ಎದುರಿನ ಮೇಳವು ಅದೇ ಮಟ್ಟಿನಲ್ಲಿ, ಅದೇ ಪ್ರಾಸದಲ್ಲಿ ಜವಾಬು ಕೊಡಲೇಬೇಕು. ಕೊಡದಿದ್ದರೆ ಮುಂದಿನ ವರ್ಷ ಆ ಊರಿನಿಂದ ವೀಳ್ಯ ಬರುವುದಿಲ್ಲ. ಇಪ್ಪತ್ತು ವರ್ಷ ಅಗಲಿದ್ದು ಮತ್ತೆ ಕೂಡಿದ ಹಿರಿಯರ ಮೇಳಕ್ಕೆ ತಮ್ಮ ಯೌವನದ ಹತ್ತು ಹಾಡುಗಳನ್ನು ಹಾಡಿ ಕೈಮುಗಿದು ಇಳಿಯುವ ಸೌಕರ್ಯವಿಲ್ಲ. ಎದುರಿಗೆ ನಿಂತ ತರುಣ ಮೇಳವು ಆ ಹತ್ತನ್ನೂ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತದೆ. ಪುರಾಣಪ್ರಶ್ನೆಗಳ ಜೊತೆಗೆ ಅತ್ತೆ ಸೊಸೆಯರ ಜಗಳ, ಒಕ್ಕಲುತನ ಮೇಲೋ ನೌಕರಿ ಮೇಲೋ ಎಂಬ ಚರ್ಚೆ ಹಾಡಕಿಯೊಳಗೆ ಬಂದದ್ದು ಈ ನಿರ್ಬಂಧದಿಂದಲೇ. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ರಾಷ್ಟ್ರೀಯ ವಿಷಯಗಳೂ, ಆಮೇಲೆ ಕುಟುಂಬ ಯೋಜನೆ ಸಾಕ್ಷರತೆಗಳೂ ಗೀಗೀ ಮಟ್ಟನ್ನು ಹೊಕ್ಕವು. ಸರಕಾರದ ಸಲುವಾಗಿ ಹೊಸೆದ ಹಾಡುಗಳಲ್ಲಿ ರಸ ತೆಳುವೆಂಬ ಆಕ್ಷೇಪಣೆಯು ನಿರಾಧಾರವಾದದ್ದಲ್ಲ. ಆದರೂ ಬರಗಾಲದ ವರ್ಷಗಳಲ್ಲಿ ಆ ಸಂಭಾವನೆಯು ಚದುರಿದ ಎಷ್ಟೋ ಮೇಳಗಳನ್ನು ಮತ್ತೆ ಒಂದೆಡೆಗೆ ತಂದಿತೆಂಬುದನ್ನು ರಸಿಕರು ಮರೆಯಬಾರದು.

ನಾಟಕ ಕಂಪನಿಗಳ ವೃತ್ತಾಂತವು ಇದಕ್ಕಿಂತ ಜಟಿಲವಾದುದು, ಏಕೆಂದರೆ ಅಲ್ಲಿ ಬಂಡವಾಳವಿದೆ, ಬಂಡವಾಳವಿದ್ದಲ್ಲಿ ಸಾಲವಿದೆ. ಮುಂಬಯಿ ಕರ್ನಾಟಕದಲ್ಲಿ ಮರಾಠಿ ಮಂಡಳಿಗಳ ಪ್ರಾಬಲ್ಯವನ್ನು ಕಂಡು ಗದಗಿನಲ್ಲಿ ಶಾಂತಕವಿಗಳು (1856-1920) ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ ಕಾಲದಿಂದ ಮೊದಲ್ಗೊಂಡು, ಒಂದು ಕಂಪನಿಯಿಂದ ಹೊರಬಂದ ನಟನು ಇನ್ನೊಂದನ್ನು ಸ್ಥಾಪಿಸುವ ರೂಢಿ ಬೆಳೆದು ಬಂದಿತು. ಮರಾಠಿ ರಂಗಭೂಮಿಯಲ್ಲಿಯೂ ಇದೇ ಬಗೆ: 1913ರಲ್ಲಿ ಬಾಲಗಂಧರ್ವರು ಕಿರ್ಲೋಸ್ಕರ ಮಂಡಳಿಯನ್ನು ಬಿಟ್ಟು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು, ಅದಕ್ಕೆ ಪ್ರತಿಸ್ಪರ್ಧಿಯಾಗಿ ಬೆಳೆದ ‘ಲಲಿತಕಲಾದರ್ಶ’ವನ್ನು ಕೇಶವರಾವ್ ಭೋಸಲೆಯವರು 1908ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಸ್ಥಾಪಿಸಿದ್ದರು. ಈ ಇಬ್ಬರು ಪ್ರತಿಸ್ಪರ್ಧಿಗಳು 1921ರ ಜುಲೈ 8ರಂದು ತಿಲಕ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ ಒಂದೇ ರಂಗದ ಮೇಲೆ ‘ಮಾನಾಪಮಾನ’ವನ್ನು ಆಡಿದುದು ಇಂದಿಗೂ ದಂತಕಥೆಯಾಗಿದೆ. ಒಂದು ರಾತ್ರಿಯ ಕೂಡುವಿಕೆಯಿಂದ ಕೀರ್ತಿಯೂ ಹಣವೂ ಒದಗಬಹುದು. ಒಂದು ವರ್ಷದ ಮೊಕ್ಕಾಮಿಗೆ ಬೇರೆಯ ಸಾಮಗ್ರಿ ಬೇಕೆಂಬುದನ್ನು ಕನ್ನಡ ಕಂಪನಿಗಳ ಮಾಲಕರು ಕಷ್ಟಪಟ್ಟು ಕಲಿತರು.

1934ರಲ್ಲಿ ‘ಸತಿ ಸುಲೋಚನಾ’ದೊಡನೆ ಕನ್ನಡ ವಾಕ್ಚಿತ್ರ ಬಂದಿತು. ಬೀಳಗಿಯ ಅಮೀರಬಾಯಿ ಕರ್ನಾಟಕಿಯಂಥ ಗಾಯಕನಟಿಯರನ್ನು ಮುಂಬಯಿಯ ಚಿತ್ರರಂಗವು ಸೆಳೆದುಕೊಂಡಿತು. ಕಂಪನಿಗಳು ಒಂದೊಂದಾಗಿ ಪರದೆಯನ್ನು ಮಡಿಚಿದವು. ಮಡಿಚಿದ ಪರದೆಯನ್ನು ಮತ್ತೆ ಬಿಚ್ಚಿಸಿದ ಶಕ್ತಿಯಾದರೂ ನಾಟಕಕಾರರಿಂದ ಬಂದದ್ದು, ನಟರಿಂದಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಅಖಂಡ ವಿಜಾಪುರ ಜಿಲ್ಲೆಯ ಕಂದಗಲ್ಲ ಹನುಮಂತರಾಯರು (1896-1966) ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’ಗಳಲ್ಲಿ ಪೌರಾಣಿಕ ವಸ್ತುವಿಗೆ ಗುಡುಗಿನಂಥ ಗದ್ಯವನ್ನು ಕೊಟ್ಟರು, ಹಾಡಿನ ಮೇಲೆ ನಿಂತಿದ್ದ ರಂಗಭೂಮಿಯು ಮಾತಿನ ಮೇಲೆ ನಿಲ್ಲಬಲ್ಲದೆಂದು ತೋರಿತು. ಶಕುನಿಯ ಪಾತ್ರವನ್ನು ಮಾಡಬಲ್ಲ ಒಬ್ಬ ನಟನಿದ್ದರೆ ‘ರಕ್ತರಾತ್ರಿ’ಯ ಬಲದಿಂದಲೇ ಮುಚ್ಚಿದ ಕಂಪನಿಯ ಬೋರ್ಡನ್ನು ಮತ್ತೆ ಏರಿಸಬಹುದಾಗಿತ್ತು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರನ್ನಿಟ್ಟಿರುವುದು ಉಚಿತವಾಗಿದೆ. ಮುಂದಿನ ತಲೆಮಾರಿನ ಪಿ. ಬಿ. ಧುತ್ತರಗಿಯವರು ಸಾಮಾಜಿಕ ನಾಟಕದ ಕಡೆಗೆ ತಿರುಗಿದರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಚಲನಚಿತ್ರವಾಗಿ, ಕಂಪನಿಗಳನ್ನು ನುಂಗುತ್ತಿದ್ದ ಸಿನೆಮವೇ ಕಂಪನಿಯಿಂದ ಕಥೆಯನ್ನು ಕಡ ಪಡೆಯುವಂತಾಯಿತು.

ಏಣಗಿ ಬಾಳಪ್ಪನವರು (1914-2017) 1947ರಲ್ಲಿ ಕಟ್ಟಿದ ಕಲಾವೈಭವ ನಾಟ್ಯ ಸಂಘವು ಈ ಪ್ರಕರಣದಲ್ಲಿ ಸ್ಮರಣೀಯವಾದುದು. ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳ. ಆ ಚರಿತ್ರೆಯನ್ನೊಳಗೊಂಡ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಾಳಪ್ಪನವರ ಬಸವೇಶ್ವರನನ್ನು ಉತ್ತರ ಕರ್ನಾಟಕದ ಪ್ರೇಕ್ಷಕರು ನಾಟಕವೆಂದು ನೋಡಿದ್ದಕ್ಕಿಂತ ದರ್ಶನವೆಂದು ಪಡೆದದ್ದೇ ಹೆಚ್ಚು. ಕಂಪನಿಯು ನಿಂತ ಮೇಲೂ ಅವರು ರಂಗಗೀತೆಗಳ ಗಾಯಕರಾಗಿ ದೀರ್ಘಕಾಲ ಹೊಸ ಪೀಳಿಗೆಯ ನಡುವೆ ಇದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಆಶ್ರಯದಲ್ಲಿ ಪಂಚಾಕ್ಷರ ಗವಾಯಿಗಳ (1892-1944) ಹೆಸರಿನಿಂದ ನಡೆದ ನಾಟ್ಯ ಸಂಘದ ಮಾರ್ಗವು ಬೇರೆ. ಪುಟ್ಟರಾಜ ಗವಾಯಿಗಳು (1914-2010) ಅಂಧ ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗೆಂದು ನಾಟಕ ನಡೆಯಿಸಿದರು. ಮಾಲಕನ ಸಾಲಕ್ಕೆ ಹರಾಜಾಗುವ ಕಂಪನಿಗಳ ನಡುವೆ, ಗುರುವಿನ ಹೆಸರಿನ ಕಂಪನಿಗೆ ನಟರು ಬಂದರೂ ಹೋದರೂ ಮೊಕ್ಕಾಮು ತಪ್ಪಲಿಲ್ಲ.

ಈ ಹೆಸರಿನ ಸಂಗತಿಯು ಗಮನಾರ್ಹ. ಇಲ್ಲಿಯ ಕಂಪನಿಗಳು ನಟನ ಹೆಸರನ್ನು ಅಪರೂಪಕ್ಕೆ ಧರಿಸುತ್ತವೆ, ಮಠದ ಅಥವಾ ದೇವರ ಹೆಸರನ್ನು ಸಾಮಾನ್ಯವಾಗಿ ಧರಿಸುತ್ತವೆ. ನಟನು ಮುನಿಸಿಕೊಂಡು ಹೊರಟರೆ ತನ್ನ ವೇಷವನ್ನು ಒಯ್ಯಬಲ್ಲನೇ ಹೊರತು ದೇವರನ್ನು ಒಯ್ಯಲಾರನು. ಆದಕಾರಣ ಹತ್ತು ವರ್ಷಗಳ ಅನಂತರ ಬೇರೆ ಜನರು ಕೂಡಿದರೂ ಹಳೆಯ ಹೆಸರಿನ ಗೌರವವು ಹಾಗೆಯೇ ದೊರೆಯುತ್ತದೆ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ಸ್ವತಂತ್ರ ತಾಲ್ಲೂಕಾಗಿರುವ ತಾಳಿಕೋಟಿಯ ಖಾಸ್ಗತೇಶ್ವರ ನಾಟ್ಯ ಸಂಘವು ಇದಕ್ಕೆ ಹತ್ತಿರದ ನಿದರ್ಶನ. ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿಯಲ್ಲಿ ರಂಗಕಲಾವಿದರ ಮನೆಯಲ್ಲಿ ಹುಟ್ಟಿದ ರಾಜು ತಾಳಿಕೋಟಿಯವರು, ಜನ್ಮದಿಂದ ಮುಸಲ್ಮಾನರಾಗಿದ್ದು, ಲಿಂಗಾಯತ ಮಠದ ಶರಣರ ಹೆಸರಿನ ಈ ಸಂಘದ ಮಾಲಕರಾಗಿ ‘ಕಲಿಯುಗದ ಕುಡುಕ’ ನಾಟಕದಿಂದ ಮನೆಮಾತಾದರು. ಇದರಲ್ಲಿ ವಿಸ್ಮಯಪಡಬೇಕಾದ ಪ್ರಸಂಗವೇನನ್ನೂ ಈ ಸೀಮೆಯ ಪ್ರೇಕ್ಷಕನು ಕಂಡಂತಿಲ್ಲ.

‘ಕಲಿಯುಗದ ಕುಡುಕ’ದ ಖ್ಯಾತಿಯು ಟೇಪಿನಿಂದ ಹಬ್ಬಿದುದು. ಕ್ಯಾಸೆಟ್ಟು ಬಂದಾಗ ಮಾಲಕರು ಅಂಜಿದ್ದರು: ಚಹದಂಗಡಿಯಲ್ಲಿ ಕುಳಿತು ಪುಕ್ಕಟೆ ಕೇಳಿದ ಸಂಭಾಷಣೆಗೆ ಯಾರು ಟಿಕೆಟು ಕೊಂಡಾರು? ಆದದ್ದು ವಿಪರೀತ. ಟೆಂಪೊ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿಗಳಲ್ಲಿ ಕೇಳಿ ಬಾಯಿಪಾಠವಾದ ಮಾತನ್ನು ಆ ಮನುಷ್ಯನ ಬಾಯಿಂದಲೇ ಕೇಳಬೇಕೆಂದು ಜನರು ತಗಡಿನ ಥಿಯೇಟರಿಗೆ ಬಂದರು. ಬಂದವರಿಗೆ ಟೇಪಿನಲ್ಲಿದ್ದುದನ್ನೇ ಒಪ್ಪಿಸಿದರೆ ಸಾಲದು. ಆ ಊರಿನ ಸುದ್ದಿ, ಅಂದಿನ ರಾಜಕಾರಣ ಸೇರಿಸಿ ಮಾತನ್ನು ಸ್ಥಳದಲ್ಲಿಯೇ ಬೆಳೆಸಬೇಕು. ಹಾಸ್ಯನಟನು ಕಂಪನಿಯ ಆಧಾರಸ್ತಂಭವಾದದ್ದು ಹೀಗೆ. ದ್ವಂದ್ವಾರ್ಥದ ಮಾತಿನಿಂದ ನಾಟಕವು ಕೆಟ್ಟಿತೆಂಬ ದೂರು ಅಲ್ಲಗಳೆಯುವಂಥದ್ದಲ್ಲ. ಶೀರ್ಷಿಕೆಯನ್ನು ಓದಿದರೇ ಸಂಕೋಚವಾಗುವ ನಾಟಕಗಳೂ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಡೆಯುತ್ತವೆ. ರಾಜು ತಾಳಿಕೋಟಿಯವರು ‘ಮನಸಾರೆ’ (2009) ಮೊದಲಾದ ಚಿತ್ರಗಳಲ್ಲಿ ನಟಿಸಿ, ಧಾರವಾಡ ರಂಗಾಯಣದ ನಿರ್ದೇಶಕರಾಗಿ, 2025ರ ಅಕ್ಟೋಬರಿನಲ್ಲಿ ನಿಧನರಾದರು.

ಬನಶಂಕರಿಯ ಜಾತ್ರೆಯೇ ಮರುಕೂಡುವಿಕೆಗೆ ಪ್ರಶಸ್ತ ಕಾಲ. ಬನದ ಹುಣ್ಣಿಮೆಯಿಂದ ಮುಂದಕ್ಕೆ ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ಬಿಡಾರ ಹೂಡುವುದರಿಂದ, ನಟನೊಬ್ಬನು ಬೆಳಗಿನ ಚಹಾ ಕುಡಿಯುವಷ್ಟರಲ್ಲಿ ತನ್ನ ಹಳೆಯ ಮಾಲಕನನ್ನು, ಹಳೆಯ ವೈರಿಯನ್ನು, ಹಳೆಯ ಪೇಟಿ ಮಾಸ್ತರನನ್ನು ಕಾಣುತ್ತಾನೆ; ಮುನಿಸು ಅಲ್ಲಿ ಕರಗುವುದೂ ಉಂಟು, ಮುಂಗಡ ಅಲ್ಲಿ ಕೈಬದಲಾಗುವುದೂ ಉಂಟು.

ಪಾಶ್ಚಾತ್ಯ ಪಾಪ್ ಗಾಯಕವೃಂದಗಳ ಚರಿತ್ರೆಯೊಡನೆ ಇದನ್ನು ಹೋಲಿಸಿ ನೋಡುವುದು ಅಪ್ರಸ್ತುತವಾಗಲಾರದು. 1996ರಲ್ಲಿ ವಿಸರ್ಜಿತವಾದ ಇಂಗ್ಲೆಂಡಿನ ‘ಟೇಕ್ ದ್ಯಾಟ್’ ಮರುಕೂಡಿ 2006ರಲ್ಲಿ ಹೊಸ ಗೀತಸಂಪುಟವನ್ನು ತಂದು ಮತ್ತೆ ಬೆಳೆಯಿತು. ‘ದಿ ಪೊಲೀಸ್’ 2007-08ರಲ್ಲಿ ಹಳೆಯ ಹಾಡುಗಳ ಪ್ರವಾಸದಿಂದ ಅಪಾರ ಧನವನ್ನು ಗಳಿಸಿ, ಹೊಸದೊಂದು ಸಂಪುಟವನ್ನೂ ರಚಿಸದೆ ಬೇರೆಯಾಯಿತು. ಸ್ವೀಡನ್ನಿನ ‘ಅಬ್ಬಾ’ ಸುಮಾರು ನಾಲ್ಕು ದಶಕಗಳ ಮೌನದ ಅನಂತರ 2021ರಲ್ಲಿ ಹೊಸ ಸಂಪುಟವನ್ನು ಕೊಟ್ಟಿತು. ಅಲ್ಲಿಯ ವೃಂದಕ್ಕೆ ಹೊಸದನ್ನು ಕಟ್ಟುವುದೋ ಬಿಡುವುದೋ ಸ್ವೇಚ್ಛೆಯ ಮಾತು, ಹಳೆಯ ಧ್ವನಿಮುದ್ರಿಕೆಯ ಆದಾಯ ಬರುತ್ತಲೇ ಇರುತ್ತದೆ. ದಪ್ಪಿನ ಹಾಡಿನವನಿಗೆ ಅಂಥ ಆದಾಯವಿಲ್ಲ. ಈ ವರ್ಷದ ವೀಳ್ಯವೇ ಅವನ ಆದಾಯ.

ಮೊಬೈಲು ಬಂದಮೇಲೆ ಆ ಒತ್ತಡವು ಇಮ್ಮಡಿಸಿದೆ. ಸಿಂದಗಿ ಕಡೆಯ ಜಾತ್ರೆಯಲ್ಲಿ ರಾತ್ರಿ ಎಸೆದ ಸವಾಲು ಬೆಳಗಾಗುವುದರೊಳಗೆ ಯೂಟ್ಯೂಬಿಗೆ ಏರಿ, ಗೋವೆಯಲ್ಲಿ ಕೂಲಿಗೆ ಹೋದವನಿಗೂ ಜತ್ತ, ಅಕ್ಕಲಕೋಟೆಗಳ ಗಡಿನಾಡ ಕನ್ನಡಿಗನಿಗೂ ತಲುಪಿರುತ್ತದೆ. ಅಲ್ಲಿಂದ ಆಮಂತ್ರಣವೂ ಬರುತ್ತದೆ. ಹಿಂದೆ ಭೀಮಾ ತೀರದಲ್ಲಿ ಹಾಡಿದುದನ್ನು ಕೃಷ್ಣಾ ತೀರದಲ್ಲಿ ಹೊಸತೆಂದು ಹಾಡಬಹುದಾಗಿತ್ತು. ಈಗ ಮುದ್ದೇಬಿಹಾಳದ ಕಟ್ಟೆಯ ಮೇಲೆ ಕೂತ ಹುಡುಗನು ಇಂಡಿಯ ಹಾಡಕಿಯನ್ನು ಆಗಲೇ ಕೇಳಿರುವುದರಿಂದ, ಮರುಕೂಡಿದ ಹಿರಿಯ ಮೇಳಗಳು ಮಟ್ಟನ್ನು ತಾವು ಹಿಡಿದುಕೊಂಡು, ಪದ ಕಟ್ಟಲು ಕಾಲೇಜು ಓದಿದ ತರುಣರನ್ನು ಜೊತೆಗೆ ಇರಿಸಿಕೊಳ್ಳತೊಡಗಿವೆ.